ಬಿಲ್ಲಿನಲ್ಲಿದೆ, ಗಾಡಿಯಲ್ಲಿಲ್ಲ

ವಿಜಯದಶಮಿಯ ಬೆಳಿಗ್ಗೆ ಸಿಂಧನೂರಿನ ಟ್ರ್ಯಾಕ್ಟರ್ ಶೋರೂಮಿನ ಅಂಗಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹೊಸ ಗಾಡಿಗಳ ಬಾನೆಟ್ಟಿಗೆ ಚೆಂಡುಹೂವಿನ ಮಾಲೆ ಬಿದ್ದಿರುತ್ತದೆ, ನಾಲ್ಕೂ ಗಾಲಿಗಳ ಕೆಳಗೆ ನಿಂಬೆಹಣ್ಣು ಕೂತಿರುತ್ತವೆ. ಮನೆಯ ಹೆಣ್ಣುಮಕ್ಕಳು ಅರಿಶಿನ ಕುಂಕುಮ ಹಚ್ಚುತ್ತಾರೆ, ಅಜ್ಜ ಮೊಮ್ಮಗನನ್ನು ಎತ್ತಿ ಸೀಟಿನ ಮೇಲೆ ಕೂಡಿಸುತ್ತಾನೆ. ಶೋರೂಮಿನ ಹುಡುಗ ರಟ್ಟಿನ ದೊಡ್ಡ ಕೀಲಿಯನ್ನು ಯಜಮಾನನ ಕೈಗಿಟ್ಟು ಫೋಟೊ ತೆಗೆಯುತ್ತಾನೆ. ಒಳಗೆ ಮೇಜಿನ ಮೇಲೆ ಏಳೆಂಟು ಹಾಳೆ. ರಾಹುಕಾಲ ಹಿಡಿಯುವ ಮೊದಲು ಗಾಡಿ ಗೇಟು ದಾಟಬೇಕು. ‘ಇಲ್ಲೊಂದು, ಇಲ್ಲೊಂದು ಸಹಿ ಹಾಕ್ರಿ ಗೌಡ್ರ’ ಎಂದದ್ದೇ ತಡ, ಪೆನ್ನು ಓಡುತ್ತದೆ. ಹೊರಗೆ ತೆಂಗಿನಕಾಯಿ ಒಡೆಯುತ್ತದೆ.

ಎರಡು ಮೂರು ತಿಂಗಳು ಕಳೆಯುತ್ತವೆ. ಕಾಲುವೆಯಲ್ಲಿ ಎರಡನೇ ಬೆಳೆಗೂ ನೀರು ಬಂದ ವರ್ಷವಾದರೆ ಗದ್ದೆಗೆ ನೀರು ಕಟ್ಟಿ ರೋಟವೇಟರ್ ಇಳಿಸುತ್ತಾರೆ. ಕೊಯ್ದ ಭತ್ತದ ಹುಲ್ಲು ಬ್ಲೇಡುಗಳಿಗೆ ಸುತ್ತಿಕೊಂಡು ರೋಟವೇಟರ್ ಬಿಗಿದು ನಿಲ್ಲುತ್ತದೆ. ಪಕ್ಕದ ಗದ್ದೆಯವನು ಕೂತಲ್ಲೇ ಒಂದು ಲಿವರ್ ಎಳೆಯುತ್ತಾನೆ. ಅವನ ರೋಟವೇಟರ್ ತಿರುಗಾಮುರುಗಾ ತಿರುಗಿ ಹುಲ್ಲನ್ನು ಬಿಚ್ಚಿ ಚೆಲ್ಲುತ್ತದೆ. ಎಂಜಿನ್ನಿನ ಶಕ್ತಿಯನ್ನು ರೋಟವೇಟರಿಗೆ ದಾಟಿಸುವ ಶಾಫ್ಟು ಪಿಟಿಒ; ಅದನ್ನು ಉಲ್ಟಾ ತಿರುಗಿಸುವ ಈ ಸೌಲಭ್ಯಕ್ಕೆ ರಿವರ್ಸ್ ಪಿಟಿಒ ಎನ್ನುತ್ತಾರೆ. ಹಬ್ಬಕ್ಕೆ ಹೊಸ ಗಾಡಿ ತಂದವನೂ ಹೆಚ್ಚಿನ ಹಣ ಕೊಟ್ಟದ್ದು ಅದಕ್ಕೇ. ಸೀಟಿನ ಎಡಕ್ಕೆ ನೋಡುತ್ತಾನೆ, ಬಲಕ್ಕೆ ನೋಡುತ್ತಾನೆ, ಲಿವರ್ ಇಲ್ಲ. ಸಂಜೆ ಮನೆಗೆ ಬಂದು ಟ್ರಂಕಿನಿಂದ ಕೊಟೇಶನ್ ತೆಗೆದರೆ ಅದರಲ್ಲಿದೆ.

ಟ್ರ್ಯಾಕ್ಟರಿಗಷ್ಟೇ ಅಂಟಿದ ಕಥೆ ಇದಲ್ಲ. ಆರು ಏರ್‌ಬ್ಯಾಗಿನ ಮಾಡೆಲ್ಲಿಗೆ ಸಾಲ ಮಾಡಿದವರ ಮನೆಗೆ ಎರಡೇ ಏರ್‌ಬ್ಯಾಗಿನ ಕಾರು ಬರಬಹುದು. ಹಣ ಪೂರ್ತಿ ಸಂದಿದೆ, ಗಾಡಿ ಹೊಸದೇ, ಎಂಜಿನ್ ಚೆನ್ನಾಗಿಯೇ ಓಡುತ್ತಿದೆ. ಆದರೆ ಕೊಂಡದ್ದರಲ್ಲಿ ಒಂದು ಪಾಲು ಮನೆಗೆ ಬಂದೇ ಇಲ್ಲ. ಇದು ಹೇಗೆ ಆಗುತ್ತದೆ, ಆದಾಗ ಯಾರನ್ನು ಕೇಳಬೇಕು, ಆಗದಂತೆ ಯಾವ ಗಳಿಗೆಯಲ್ಲಿ ಎಚ್ಚರ ಇರಬೇಕು?

ಒಂದೇ ರಸ್ತೆ, ಬೇರೆ ಬೇರೆ ನೆಲ

ಜೇವರ್ಗಿಯಿಂದ ಚಾಮರಾಜನಗರದತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ರಾಯಚೂರು ಜಿಲ್ಲೆಯ ಈ ಮೂರೂ ಊರಿನ ಗಾಡಿಗಳ ಮೇಲೆ ಬರೆದಿರುವುದು ಕೆಎ 36 ಎಂದೇ. ನೆಲ ಮಾತ್ರ ಊರಿಂದೂರಿಗೆ ಬೇರೆ.

ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಇಲ್ಲಿ ಟ್ರ್ಯಾಕ್ಟರ್ ಮೊಣಕಾಲುದ್ದ ಕೆಸರಿನಲ್ಲಿ ದುಡಿಯಬೇಕು. ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಫೋರ್ ವೀಲ್ ಡ್ರೈವ್, ಕೆಸರು ನೀರು ಒಳಗೆ ನುಗ್ಗದಂತೆ ಎಣ್ಣೆಯಲ್ಲೇ ಮುಳುಗಿರುವ ಆಯಿಲ್ ಬ್ರೇಕ್, ಗೇರಿಗೂ ಪಿಟಿಒಗೂ ಬೇರೆ ಬೇರೆಯಾದ ಡಬಲ್ ಕ್ಲಚ್ ಇಲ್ಲಿನ ರೈತನಿಗೆ ದಿನದ ಕೆಲಸದ ಮಾತು. ಮಸ್ಕಿಯಿಂದ ಲಿಂಗಸುಗೂರಿನ ಕಡೆ ನಡೆದಂತೆ ಮಳೆ ನಂಬಿದ ಎರಿ ಹೊಲಗಳು, ತೊಗರಿ, ಹತ್ತಿ, ಸಜ್ಜೆ ಹೆಚ್ಚುತ್ತವೆ. ಆ ಗಟ್ಟಿ ನೆಲಕ್ಕೆ ಪಲ್ಟಿ ನೇಗಿಲು ಎತ್ತುವ ಹೈಡ್ರಾಲಿಕ್ ಬಲ, ಹಿಂದಿನ ಟೈರಿನ ಅಗಲ ಮುಖ್ಯ. ಹಟ್ಟಿ ಚಿನ್ನದ ಗಣಿ ಲಿಂಗಸುಗೂರು ತಾಲ್ಲೂಕಿನಲ್ಲೇ ಇದೆ. ತಿಂಗಳ ಸಂಬಳದ ಮನೆಗಳಲ್ಲಿ ಕಾರು ಕೊಳ್ಳುವಾಗ ಏರ್‌ಬ್ಯಾಗ್ ಎಷ್ಟು, ಹಿಂದಿನ ಕ್ಯಾಮೆರಾ ಇದೆಯೇ ಎಂಬ ಮಾತು ಬರುತ್ತದೆ.

ಹೀಗೆ ಒಂದೊಂದು ಸೌಲಭ್ಯದ ಹಿಂದೆಯೂ ಒಂದು ನೆಲದ, ಒಂದು ದುಡಿಮೆಯ ಲೆಕ್ಕವಿದೆ. ಆ ದುಡಿಮೆಯೋ ನೀರಿನ ಮೇಲೆ ನಿಂತದ್ದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಸರಪಳಿ ಕಡಿದಾಗ ಈ ಸೀಮೆಯ ಎಷ್ಟು ಮನೆಗಳು ನಿದ್ದೆಗೆಟ್ಟವೆಂಬುದು ಇಲ್ಲಿನವರಿಗೆ ನೆನಪಿದೆ. ಇಂಥ ಅನಿಶ್ಚಿತ ಆದಾಯದಲ್ಲಿ ಉಳಿಸಿ, ಉಳಿದದ್ದಕ್ಕೆ ಸಾಲ ಎತ್ತಿ ತಂದ ಗಾಡಿಯಲ್ಲಿ ಒಂದು ಲಿವರ್ ಇಲ್ಲವೆಂದರೆ ಅದನ್ನು ಸಣ್ಣ ಕೊರತೆ ಎನ್ನಲಾಗದು.

ಕಾರ್ಖಾನೆಯದ್ದು, ಅಂಗಡಿಯದ್ದು

ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ವರ್ಷಗಟ್ಟಲೆ ಸರದಿ ಕಾದು, ಬಂದದ್ದನ್ನು ಕಣ್ಣಿಗೊತ್ತಿಕೊಂಡು ಮನೆಗೆ ತರುವುದಷ್ಟೇ ಇತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಮುಂದಿನ ದಶಕಗಳಲ್ಲಿ ಕಂಪನಿಗಳು ಹೆಚ್ಚಿ, ಒಂದೇ ಗಾಡಿ ಹಲವು ದರ್ಜೆಗಳಲ್ಲಿ ಬರತೊಡಗಿತು. ಬೇಸ್ ಮಾಡೆಲ್, ಮಿಡ್, ಟಾಪ್ ಎಂಡ್ ಎಂದು ಜನರ ಬಾಯಲ್ಲಿ ನಿಂತವು ಇವೇ.

ಅಮೆರಿಕದಲ್ಲಿ ಕೊಳ್ಳುವವರು ಒಂದೊಂದೇ ಸೌಲಭ್ಯ ಆರಿಸಿ ಕಾರ್ಖಾನೆಗೆ ಹೇಳಿ ಮಾಡಿಸುವುದುಂಟು. ನಮ್ಮಲ್ಲಿ ಬಹುಪಾಲು ಸೌಲಭ್ಯಗಳು ದರ್ಜೆಯ ಜೊತೆಗೆ ಗಂಟಾಗಿ ಬರುತ್ತವೆ. ಆರು ಏರ್‌ಬ್ಯಾಗ್ ಬೇಕೆಂದರೆ ಅದು ಇರುವ ದರ್ಜೆಯನ್ನೇ ಕೊಳ್ಳಬೇಕು. ಹೊರಗಿನಿಂದ ಎರಡು ದರ್ಜೆಗಳ ನಡುವೆ ಕಾಣುವ ವ್ಯತ್ಯಾಸ ಬೆನ್ನ ಮೇಲಿನ ಒಂದೆರಡು ಅಕ್ಷರ ಮಾತ್ರ ಇರಬಹುದು. ಬೆಲೆಯಲ್ಲಿ ಅದೇ ಅಕ್ಷರ ಹತ್ತಾರು ಸಾವಿರ, ಕೆಲವೊಮ್ಮೆ ಲಕ್ಷ ದಾಟುತ್ತದೆ.

ಆದ್ದರಿಂದ ಮೊದಲು ಬಿಡಿಸಿ ನೋಡಬೇಕಾದ್ದು ಎರಡು ಗುಂಪು. ಫೋರ್ ವೀಲ್ ಡ್ರೈವ್, ಆಯಿಲ್ ಬ್ರೇಕ್, ರಿವರ್ಸ್ ಪಿಟಿಒ, ಎಬಿಎಸ್, ಏರ್‌ಬ್ಯಾಗ್ ಇವೆಲ್ಲ ಗಾಡಿಯ ಜೊತೆಯಲ್ಲೇ ಕಾರ್ಖಾನೆಯಲ್ಲಿ ಹುಟ್ಟುವಂಥವು. ಸೀಟ್ ಕವರ್, ಮ್ಯಾಟ್, ಟ್ರ್ಯಾಕ್ಟರಿನ ಮೇಲ್ಛಾವಣಿ, ಮ್ಯೂಸಿಕ್ ಸಿಸ್ಟಮ್ ಮುಂತಾದವನ್ನು ಡೀಲರ್ ತನ್ನ ಅಂಗಡಿಯಲ್ಲೇ ಹಾಕಬಲ್ಲ. ಎರಡನೆಯ ಗುಂಪಿನದ್ದು ತಪ್ಪಿಹೋದರೆ ಮರುದಿನ ಸರಿಪಡಿಸಬಹುದು. ಮೊದಲ ಗುಂಪಿನದ್ದು ತಪ್ಪಿದರೆ ಬಂದಿರುವುದೇ ಬೇರೆ ಗಾಡಿ ಎಂದರ್ಥ.

ಮೂರನೆಯ ಗುಂಪೂ ಒಂದಿದೆ: ಕಾನೂನೇ ಗಾಡಿಯ ಜೊತೆ ಕೊಡಬೇಕೆಂದು ಹೇಳಿರುವಂಥವು. ದ್ವಿಚಕ್ರ ವಾಹನ ಮಾರುವಾಗ ತಯಾರಕರು ಭಾರತೀಯ ಮಾನಕ ಬ್ಯೂರೊ ಒಪ್ಪುವಂಥ ಹೆಲ್ಮೆಟ್ ಒದಗಿಸಬೇಕು ಎನ್ನುತ್ತದೆ ಕೇಂದ್ರ ಮೋಟಾರು ವಾಹನ ನಿಯಮಗಳ 138ನೇ ನಿಯಮ. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಪೆಡಲು, ಸೀರೆ ಸಿಕ್ಕಿಕೊಳ್ಳದಂತೆ ಹಿಂಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದ ಮರೆ ಇರಬೇಕೆಂದು 123ನೇ ನಿಯಮ ವಿಧಿಸುತ್ತದೆ. ಸಂತೆಗೆ, ಜಾತ್ರೆಗೆ ಒಂದು ಬದಿಗೆ ಕಾಲಿಟ್ಟು ಕೂತು ಹೋಗುವ ತಾಯಂದಿರ ಜೀವ ಈ ಮರೆಯ ಮೇಲಿದೆ. ‘ಎಕ್ಸ್‌ಟ್ರಾ ಫಿಟಿಂಗ್’ ಎಂಬ ಸಾಲಿನ ಕೆಳಗೆ ಇವುಗಳಿಗೆ ಹಣ ಹಾಕಿದ್ದರೆ ಯಾಕೆಂದು ಕೇಳುವ ಹಕ್ಕು ಕೊಂಡವರಿಗಿದೆ.

ತಪ್ಪು ಎಲ್ಲಿ ನುಸುಳುತ್ತದೆ

ಎಲ್ಲ ಸಂದರ್ಭದಲ್ಲೂ ಮೋಸವೇ ಇರುತ್ತದೆ ಎಂದಲ್ಲ. ಬಾಯಿಮಾತಿನಿಂದ ಗಾಡಿಯವರೆಗೆ ಐದಾರು ಕೈ ದಾಟಬೇಕು, ಒಂದೊಂದು ಕೈಯಲ್ಲೂ ಏನಾದರೂ ಉದುರಬಹುದು.

ಮಾರಾಟದ ಹುಡುಗ ಮೊಬೈಲಿನಲ್ಲಿ ಟಾಪ್ ಎಂಡ್ ಗಾಡಿಯ ವಿಡಿಯೊ ತೋರಿಸುತ್ತಾನೆ, ಕೊಟೇಶನ್ ಬರೆಯುವಾಗ ಅದರ ಕೆಳಗಿನ ದರ್ಜೆಯ ಹೆಸರು ಬರೆಯುತ್ತಾನೆ. ಮುಂಗಡ ಪಡೆದ ಹಾಳೆಯಲ್ಲಿ ಬಣ್ಣ ಇರುತ್ತದೆ, ದರ್ಜೆ ಇರುವುದಿಲ್ಲ. ಬ್ಯಾಂಕು ಕೊಟೇಶನ್ ನೋಡಿ ಸಾಲ ಮಂಜೂರು ಮಾಡಿ ನೇರವಾಗಿ ಡೀಲರ್ ಖಾತೆಗೆ ಹಾಕುತ್ತದೆ. ಬಂದ ಗಾಡಿ ಅದೇ ಹೌದೋ ಅಲ್ಲವೋ ಎಂದು ಬ್ಯಾಂಕಿನವರು ಬಾನೆಟ್ ಎತ್ತಿ ನೋಡುವುದಿಲ್ಲ. ಕೇಳಿದ ದರ್ಜೆ ಗೋದಾಮಿನಲ್ಲಿ ಇಲ್ಲದಿದ್ದಾಗ ಹಬ್ಬದ ಮುಹೂರ್ತ ಹತ್ತಿರ ಬರುತ್ತದೆ. ಇರುವುದನ್ನೇ ತೊಳೆದು ಹಾರ ಹಾಕಿ ನಿಲ್ಲಿಸುತ್ತಾರೆ.

2025ರಲ್ಲಿ ಈ ನೂಕುನುಗ್ಗಲು ಇನ್ನೂ ಬಿಗಿಯಾಯಿತು. ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದದ್ದು ಸೆಪ್ಟೆಂಬರ್ 22ರಂದು. ನವರಾತ್ರಿ ಶುರುವಾದದ್ದೂ ಅಂದೇ. ಬೆಲೆ ಇಳಿಯಲೆಂದು ಕಾದು ಕೂತವರಿಗೂ ಹಬ್ಬಕ್ಕೆಂದು ಕಾದವರಿಗೂ ಒಂದೇ ವಾರ.

ಕೆಲವೊಮ್ಮೆ ಕಂಪನಿಯೇ ಸೌಲಭ್ಯವನ್ನು ಕೈಬಿಟ್ಟಿರುತ್ತದೆ. 2021ರಲ್ಲಿ ಜಗತ್ತಿನಾದ್ಯಂತ ಚಿಪ್ಪುಗಳ ಬರ ಬಂದಾಗ ಜನರಲ್ ಮೋಟಾರ್ಸ್ ಕೆಲವು ಮಾಡೆಲ್‌ಗಳಿಂದ ಸೀಟು ಬೆಚ್ಚಗಾಗಿಸುವ ಸೌಲಭ್ಯವನ್ನು ತೆಗೆಯಿತು, ಬಿಎಂಡಬ್ಲ್ಯು ಕೆಲವು ಕಾರುಗಳನ್ನು ಟಚ್‌ಸ್ಕ್ರೀನ್ ಇಲ್ಲದೆ ಕಳಿಸಿತು. ಅದೇ ನವೆಂಬರಿನಲ್ಲಿ ಟೆಸ್ಲಾ ಕೊಂಡ ಕೆಲವರು ಮನೆಗೆ ತಂದ ಮೇಲೆ ನೋಡಿದರೆ ಯುಎಸ್‌ಬಿ ಪೋರ್ಟ್ ಇರಬೇಕಾದ ಜಾಗ ಖಾಲಿ. ಮುಂಚಿತವಾಗಿ ತಿಳಿಸಿ ಬೆಲೆ ಇಳಿಸಿದ ಕಡೆ ಜನ ಒಪ್ಪಿಕೊಂಡರು. ಹೇಳದೆ ಕಳಿಸಿದ ಕಡೆ ಸಿಟ್ಟಾದರು.

ಅಮೆರಿಕದಲ್ಲಿ ಇಂಥದ್ದನ್ನು ಹಿಡಿಯಲು ಒಂದು ಹಳೆಯ ಸಾಧನವಿದೆ. 1958ರ ಕಾಯ್ದೆಯ ಪ್ರಕಾರ ಪ್ರತಿ ಹೊಸ ಕಾರಿನ ಗಾಜಿನ ಮೇಲೂ ತಯಾರಕರು ಒಂದು ಚೀಟಿ ಅಂಟಿಸಬೇಕು: ಮೂಲ ಬೆಲೆ ಎಷ್ಟು, ಕಾರ್ಖಾನೆಯಲ್ಲಿ ಹಾಕಿದ ಹೆಚ್ಚುವರಿ ಸೌಲಭ್ಯಗಳು ಯಾವುವು, ಒಂದೊಂದರ ಬೆಲೆ ಎಷ್ಟು. ಆ ಕಾಯ್ದೆ ತಂದ ಸೆನೆಟರ್ ಮನ್ರೋನಿಯ ಹೆಸರಿನಿಂದಲೇ ಚೀಟಿಯನ್ನು ಕರೆಯುತ್ತಾರೆ. ಕೊಂಡವರ ಕೈಗೆ ಗಾಡಿ ಸೇರುವ ಮೊದಲು ಅದನ್ನು ಕೀಳುವಂತಿಲ್ಲ. ನಮ್ಮ ಶೋರೂಮುಗಳಲ್ಲಿ ಅಂಥ ಚೀಟಿಯ ಪದ್ಧತಿ ಇಲ್ಲದ್ದರಿಂದ ಆ ಪಟ್ಟಿಯನ್ನು ಕೊಳ್ಳುವವರೇ ಬರೆಸಿಕೊಳ್ಳಬೇಕು.

‘ಮುಂದಿನ ವಾರ ಬರ್ರಿ, ಹಾಕಿ ಕೊಡ್ತೀವಿ’

ಕೊರತೆ ಗೊತ್ತಾದ ಮೇಲೆ ಮೊದಲು ಸಿಗುವ ಉತ್ತರ ಇದೇ. ಸೀಟ್ ಕವರಿಗಾದರೆ ಇದನ್ನು ನಂಬಬಹುದು. ಏರ್‌ಬ್ಯಾಗಿಗೆ, ಎಬಿಎಸ್‌ಗೆ, ಆಯಿಲ್ ಬ್ರೇಕಿಗೆ ನಂಬುವಂತಿಲ್ಲ.

ಏರ್‌ಬ್ಯಾಗ್ ಎಂದರೆ ಮಡಚಿಟ್ಟ ಚೀಲವಷ್ಟೇ ಅಲ್ಲ. ಡಿಕ್ಕಿಯ ಬಲ ಅಳೆಯುವ ಸಂವೇದಕ, ಕ್ಷಣದೊಳಗೆ ತೀರ್ಮಾನ ಮಾಡುವ ಪುಟ್ಟ ಕಂಪ್ಯೂಟರ್, ಸೀಟ್ ಬೆಲ್ಟಿನ ಬಿಗಿತ, ಕಂಬದ ಒಳರಚನೆ ಎಲ್ಲ ಒಂದಕ್ಕೊಂದು ಹೊಂದಿಸಿ ಪರೀಕ್ಷೆ ಮಾಡಿದ ವ್ಯವಸ್ಥೆ ಅದು. ರಿವರ್ಸ್ ಪಿಟಿಒ ಗೇರುಗಳು ಟ್ರ್ಯಾಕ್ಟರಿನ ಹೊಟ್ಟೆಯೊಳಗಿರುತ್ತವೆ. ಡೀಲರಿನ ವರ್ಕ್‌ಶಾಪಿನಲ್ಲಿ ಸ್ಪ್ಯಾನರ್ ಹಿಡಿದು ಕೂಡಿಸುವ ವಸ್ತುಗಳು ಇವಲ್ಲ.

ಕಾನೂನಿನ ಅಡ್ಡಿಯೂ ಇದೆ. ಗಾಡಿಯ ಮಾದರಿಗಳನ್ನು ಪುಣೆಯ ಎಆರ್‌ಎಐ ಅಥವಾ ಮಾನೇಸರದ ಐಕ್ಯಾಟ್‌ನಂಥ ಸಂಸ್ಥೆಗಳು ಪರೀಕ್ಷಿಸಿ ಒಪ್ಪಿದ ಮೇಲೆಯೇ ಮಾರಾಟಕ್ಕೆ ಬಿಡುತ್ತಾರೆ. ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ಗಾಡಿಯನ್ನು ಮಾರ್ಪಡಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಮುಂದೆ ಅಪಘಾತವಾದಾಗ ವಿಮೆಯವರು ಮೊದಲು ಬೆರಳು ತೋರುವುದು ಇಂಥ ಮಾರ್ಪಾಡಿನ ಕಡೆಗೇ.

‘ಮುಂದಿನ ವಾರ’ ಎನ್ನುತ್ತ ದಿನ ದೂಡುವುದರಲ್ಲಿ ಇನ್ನೊಂದು ನಷ್ಟವಿದೆ. ಅಷ್ಟರಲ್ಲಿ ಪಾಸಿಂಗ್ ಮುಗಿದು ನಂಬರ್ ಪ್ಲೇಟ್ ಬರುತ್ತದೆ. ನಂಬರ್ ಬಿದ್ದ ಗಾಡಿಯನ್ನು ಇನ್ನೊಬ್ಬರಿಗೆ ಹೊಸದೆಂದು ಮಾರಲಾಗದು, ಹಾಗಾಗಿ ಹಿಂದಕ್ಕೆ ಪಡೆಯಲು ಡೀಲರ್ ಒಪ್ಪುವುದು ಬಹಳ ಕಷ್ಟ. ನೋಂದಣಿಗೆ ಮುಂಚೆ ಅರ್ಧ ಗಂಟೆಯ ಮಾತಿನಲ್ಲಿ ಬಗೆಹರಿಯುತ್ತಿದ್ದದ್ದು ನೋಂದಣಿಯ ನಂತರ ವರ್ಷಗಳ ವ್ಯಾಜ್ಯವಾಗುತ್ತದೆ.

1930ರ ಮಾತು, 2019ರ ಬಲ

ಸರಕು ಹೇಳಿದಂತೆ ಇರಬೇಕು ಎಂಬುದು ನಮ್ಮಲ್ಲಿ ಹೊಸ ಕಾನೂನೇನಲ್ಲ. 1930ರ ಸರಕು ಮಾರಾಟ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ವಿವರಣೆ ಕೊಟ್ಟು ಮಾರಿದ ಸರಕು ಆ ವಿವರಣೆಗೆ ಹೊಂದಲೇಬೇಕು ಎಂಬುದು ಅದರ 15ನೇ ಕಲಂ. ಪರೀಕ್ಷಿಸಿ ನೋಡಲು ನ್ಯಾಯವಾದ ಅವಕಾಶ ಸಿಗುವವರೆಗೆ ಕೊಂಡವರು ಸರಕನ್ನು ಒಪ್ಪಿಕೊಂಡರು ಎಂದು ತಿಳಿಯುವಂತಿಲ್ಲ ಎನ್ನುತ್ತದೆ 41ನೇ ಕಲಂ. ಅದರ ಬೆನ್ನಿಗೇ ಇರುವ 42ನೇ ಕಲಂ ಎಚ್ಚರಿಕೆಯ ಗಂಟೆ: ಸರಕನ್ನು ತುಂಬ ದಿನ ಇಟ್ಟುಕೊಂಡು, ಬೇಡವೆಂದು ತಿಳಿಸದೆ ಇದ್ದರೆ ಒಪ್ಪಿದಂತೆಯೇ. ಕೊರತೆ ಕಂಡ ದಿನವೇ ಬರಹದಲ್ಲಿ ತಿಳಿಸಬೇಕಾದ ಕಾರಣ ಇದು.

ಇದರ ಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. 2020ರ ಜುಲೈ 20ರಿಂದ ಅದು ಜಾರಿಯಲ್ಲಿದೆ. ಕೆಟ್ಟುಹೋದದ್ದನ್ನು ಮಾತ್ರವಲ್ಲ, ಒಪ್ಪಂದದಂತೆ ಅಥವಾ ಮಾರುವವರು ಹೇಳಿಕೊಂಡಂತೆ ಇರದಿರುವುದನ್ನೂ ಅದು ‘ದೋಷ’ ಎಂದೇ ಎಣಿಸುತ್ತದೆ. ಒಂದು ದರ್ಜೆಯ, ಒಂದು ಮಾಡೆಲ್ಲಿನ ಸರಕೆಂದು ಸುಳ್ಳು ಹೇಳಿ ಬೇರೆಯದನ್ನು ಕೊಡುವುದು ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ಹಿಂದಕ್ಕೆ ಪಡೆಯಲು ಒಪ್ಪದಿರುವುದೂ ಅಂಥದೇ ಪದ್ಧತಿ. ಕೊರತೆ ನೀಗಿಸು, ಬದಲಿ ಕೊಡು, ಹಣ ಹಿಂದಿರುಗಿಸು, ಪರಿಹಾರ ಕೊಡು ಎಂದು ಆದೇಶಿಸುವ ಅಧಿಕಾರ ಗ್ರಾಹಕ ಆಯೋಗಕ್ಕಿದೆ.

ಟ್ರ್ಯಾಕ್ಟರ್ ಕೊಂಡ ರೈತ ಗ್ರಾಹಕನೇ, ಅದು ವ್ಯಾಪಾರಕ್ಕೆ ಕೊಂಡದ್ದಲ್ಲವೇ ಎಂಬ ತಕರಾರನ್ನು ಎದುರು ಪಕ್ಷದವರು ತೆಗೆಯಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಿಕ್ಕಾಗಿಯೇ ಕೊಂಡು ಬಳಸುವ ಸರಕು ‘ವಾಣಿಜ್ಯ ಉದ್ದೇಶ’ದ್ದಲ್ಲ ಎಂದು ಕಾಯ್ದೆಯೇ ವಿವರಣೆ ಕೊಟ್ಟಿದೆ.

ಡೀಲರೋ, ಕಂಪನಿಯೋ?

ಗೋವಾದ ಒಂದು ಪ್ರಕರಣ ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನವರೆಗೆ ಕೊಂಡೊಯ್ದಿತು. 2011ರ ಹೊಸ ಕಾರಿಗೆ ಹಣ ಕೊಟ್ಟ ಗ್ರಾಹಕರಿಗೆ ಸಿಕ್ಕಿದ್ದು 2009ರಲ್ಲಿ ತಯಾರಾದ, ಆಗಲೇ 622 ಕಿಲೋಮೀಟರ್ ಓಡಿದ್ದ ಟಾಟಾ ಕಾರು. ತಳದಲ್ಲಿ ತುಕ್ಕು, ಮೈಮೇಲೆ ಗೀರು. ಜಿಲ್ಲಾ ಗ್ರಾಹಕ ವೇದಿಕೆಯಿಂದ ಶುರುವಾದ ಹೋರಾಟಕ್ಕೆ 2021ರ ಫೆಬ್ರುವರಿ 18ರಂದು ಅಂತಿಮ ತೀರ್ಪು ಬಂತು. ಡೀಲರ್ ಮತ್ತು ಕಂಪನಿಯ ನಡುವಿನದು ಇಬ್ಬರು ಸ್ವತಂತ್ರ ವ್ಯಾಪಾರಿಗಳ ಸಂಬಂಧ. ಡೀಲರ್ ಮಾಡಿದ ಈ ತಪ್ಪು ಕಂಪನಿಗೆ ಗೊತ್ತಿತ್ತು ಎಂದು ತೋರಿಸದ ಹೊರತು ಅದರ ಹೊರೆ ಕಂಪನಿಯ ಮೇಲೆ ಬೀಳದು ಎಂದಿತು ಕೋರ್ಟ್. ಹೊಣೆ ಉಳಿದದ್ದು ಡೀಲರಿನ ಮೇಲೆ.

ಸಿಂಧನೂರು, ಮಸ್ಕಿಯಂಥ ಊರಿನವರು ಇದನ್ನು ಗಮನಿಸಲೇಬೇಕು. ದೊಡ್ಡ ಕಂಪನಿಯ ಬೋರ್ಡು ನೋಡಿ ಹಣ ಕಟ್ಟಿದರೂ ಕಾನೂನಿನ ಕಣ್ಣಿಗೆ ಮಾರಿದವರು ಆ ಬೋರ್ಡಿನ ಕೆಳಗಿನ ಡೀಲರ್. ಬೇರೆ ದರ್ಜೆಯ ಗಾಡಿ ಕೈಗಿತ್ತದ್ದು ಡೀಲರಿನ ತಪ್ಪಾದರೆ ಕೇಳಬೇಕಾದ್ದು ಮೊದಲು ಅವರನ್ನೇ. ಕಂಪನಿಗೂ ಅಂದೇ ಇಮೇಲ್ ಕಳಿಸಿಡಬೇಕು; ‘ನಮಗೆ ಗೊತ್ತೇ ಇರಲಿಲ್ಲ’ ಎಂಬ ಮಾತಿಗೆ ಅಂದಿನಿಂದಾಚೆ ಎಡೆಯಿರುವುದಿಲ್ಲ.

ಕಾರ್ಖಾನೆಯಲ್ಲೇ ತಪ್ಪಾಗಿದ್ದರೆ ಕಂಪನಿ ನುಣುಚಿಕೊಳ್ಳಲಾರದು. 2015ರಲ್ಲಿ ಕೊಂಡ ಹುಂಡೈ ಕ್ರೆಟಾ 2017ರಲ್ಲಿ ಅಪಘಾತಕ್ಕೀಡಾದಾಗ ಮುಂದಿನ ಏರ್‌ಬ್ಯಾಗುಗಳು ಬಿಚ್ಚಿಕೊಳ್ಳಲಿಲ್ಲ. ಬಿಚ್ಚಿಕೊಳ್ಳುವಷ್ಟು ಬಲದ ಡಿಕ್ಕಿ ಅದಾಗಿರಲಿಲ್ಲ ಎಂಬ ಕಂಪನಿಯ ವಾದವನ್ನು ಸುಪ್ರೀಂ ಕೋರ್ಟ್ 2022ರ ಏಪ್ರಿಲಿನಲ್ಲಿ ತಳ್ಳಿಹಾಕಿತು. ಏರ್‌ಬ್ಯಾಗ್ ಇದೆಯೆಂದು ನಂಬಿ ಕೊಂಡವರು ವೇಗ, ಬಲಗಳ ಭೌತಶಾಸ್ತ್ರದ ಲೆಕ್ಕ ಬಲ್ಲವರಾಗಿರಬೇಕೆಂದು ನಿರೀಕ್ಷಿಸಲಾಗದು ಎಂಬುದು ತೀರ್ಪಿನ ಸಾರ. ಪರಿಹಾರದ ಹಣದ ಜೊತೆಗೆ ಬದಲಿ ಕಾರು ಕೊಡಬೇಕೆಂಬ ಆದೇಶವೂ ಉಳಿಯಿತು.

ಬೆಂಗಳೂರಿನ ಚಾರ್ಜರ್ ಲೆಕ್ಕ

ಸಾವಿರಾರು ಜನರಿಗೆ ಒಂದೇ ಸಲ ಹಣ ಹಿಂದಿರುಗುವಂತೆ ಮಾಡಿದ ಪ್ರಕರಣದಲ್ಲಿ ನಮ್ಮ ರಾಜ್ಯದ ಕಂಪನಿಗಳೂ ಇದ್ದವು. ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಕೇಂದ್ರ ಸರ್ಕಾರದ ಫೇಮ್-2 ಸಹಾಯಧನ ಸಿಗಬೇಕಾದರೆ ಕಾರ್ಖಾನೆ ಬೆಲೆ ಒಂದೂವರೆ ಲಕ್ಷ ರೂಪಾಯಿಯ ಮಿತಿಯೊಳಗೆ ಇರಬೇಕಿತ್ತು. ಬೆಂಗಳೂರಿನ ಓಲಾ ಮತ್ತು ಏಥರ್, ಹೊಸೂರಿನ ಟಿವಿಎಸ್, ಹೀರೊ ಮೋಟೊಕಾರ್ಪ್‌ನ ವಿಡಾ ಸ್ಕೂಟರುಗಳ ಕೆಲವು ಮಾದರಿಗಳಲ್ಲಿ ಚಾರ್ಜರಿಗೋ ತಂತ್ರಾಂಶಕ್ಕೋ ಬೇರೆಯಾಗಿ ಬಿಲ್ ಹಾಕಲಾಗಿತ್ತು. ಚಾರ್ಜರ್ ಇಲ್ಲದೆ ಸ್ಕೂಟರ್ ಓಡುವುದು ಹೇಗೆ? ಅದು ಗಾಡಿಯ ಭಾಗವೇ ಹೊರತು ಐಚ್ಛಿಕ ಸಾಮಾನಲ್ಲ ಎಂಬ ದೂರು ಬೃಹತ್ ಕೈಗಾರಿಕೆಗಳ ಸಚಿವಾಲಯಕ್ಕೆ ಹೋಯಿತು.

2023ರ ಮೇ ತಿಂಗಳಲ್ಲಿ ಕಂಪನಿಗಳು ಹಣ ಹಿಂದಿರುಗಿಸಲು ಒಪ್ಪಿದವು. ಓಲಾ ಒಂದರದ್ದೇ ಸುಮಾರು 130 ಕೋಟಿ ರೂಪಾಯಿ ಎಂದು ಆಗ ವರದಿಯಾಯಿತು. ಹಣ ಹಿಂದಿರುಗಿಸಬೇಕಾದ ಲೆಕ್ಕ ಹಾಕಲು ಸಾಧ್ಯವಾದದ್ದು ಬಿಲ್ಲುಗಳಲ್ಲಿ ಚಾರ್ಜರಿನ ಹೆಸರು, ಬೆಲೆ ಎರಡೂ ಬೇರೆಯಾಗಿ ನಮೂದಾಗಿದ್ದರಿಂದ. ಹಳ್ಳಿಯ ರೈತನ ಟ್ರ್ಯಾಕ್ಟರ್ ಬಿಲ್ಲಿನಲ್ಲೂ ಬೇಕಾದ್ದು ಅಂಥದೇ ಸ್ಪಷ್ಟ ಸಾಲು.

ಮಸ್ಕಿಯವರು ಮರೆಯದ ಸಂಖ್ಯೆ

ದೂರಿನ ಮೊದಲ ಮೆಟ್ಟಿಲು ಡೀಲರಿಗೆ ಬರೆದ ಪತ್ರ. ಕೊಟೇಶನ್, ಮುಂಗಡದ ರಸೀದಿ, ಬಿಲ್ಲಿನ ನಕಲು, ಇರಬೇಕಾದ ಜಾಗ ಖಾಲಿ ಇರುವ ಫೋಟೊ ಜೊತೆಗಿಟ್ಟು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರೆ ದಿನಾಂಕಕ್ಕೆ ಸಾಕ್ಷಿ ಸಿಗುತ್ತದೆ. ಮೊದಲ ಸರ್ವಿಸಿಗೆ ಬಿಟ್ಟಾಗಲೇ ಕೊರತೆ ಗೊತ್ತಾದರೆ ಜಾಬ್ ಕಾರ್ಡಿನಲ್ಲಿ ಅದನ್ನು ಬರೆಸಬೇಕು. ಬರೆಯದಿದ್ದರೆ ಜಾಬ್ ಕಾರ್ಡಿಗೆ ಸಹಿ ಹಾಕಬಾರದು.

ಎರಡನೆಯ ಮೆಟ್ಟಿಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಸಂಖ್ಯೆ 1915, ಕನ್ನಡದಲ್ಲೇ ಮಾತಾಡಬಹುದು. ಈ ಸೀಮೆಯವರಿಗೆ ಅದನ್ನು ನೆನಪಿಡಲು ಬೇರೆ ಗುರುತು ಬೇಡ. ಮಸ್ಕಿಯ ಬೆಟ್ಟದಲ್ಲಿ ಅಶೋಕನ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಕೆತ್ತಿದ್ದರಿಂದ ಆ ಬಿರುದಷ್ಟೇ ಇದ್ದ ಬೇರೆ ಶಾಸನಗಳು ಯಾವ ದೊರೆಯವು ಎಂಬ ಪ್ರಶ್ನೆ ತೀರಿತು.

ಮೂರನೆಯದು ರಾಯಚೂರಿನ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಗಾಡಿಯನ್ನು ಹೊಸಪೇಟೆಯಲ್ಲೋ ಬಳ್ಳಾರಿಯಲ್ಲೋ ಕೊಂಡಿದ್ದರೂ ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಇದು 2019ರ ಕಾಯ್ದೆಯ ದೊಡ್ಡ ಅನುಕೂಲ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. ಶುಲ್ಕ 5 ಲಕ್ಷದವರೆಗೆ ಇಲ್ಲ, 5ರಿಂದ 10 ಲಕ್ಷದವರೆಗೆ 200 ರೂಪಾಯಿ, 10ರಿಂದ 20 ಲಕ್ಷದವರೆಗೆ 400 ರೂಪಾಯಿ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ. 2025ರಿಂದ ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು, ವಿಡಿಯೊ ಮೂಲಕ ವಿಚಾರಣೆ ಕೇಳಿಕೊಳ್ಳಬಹುದು. ದೂರಿನ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಗಡುವು.

ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳಿದರೂ ಗೋವಾದ ಆ ಕಾರು ಕೊಂಡವರು ಸುಮಾರು ಹತ್ತು ವರ್ಷ ಕಾದರು. ಕಾನೂನಿನ ಬಲ ಇದೆ ಎಂಬ ಧೈರ್ಯ ಇರಲಿ. ಆದರೆ ಬಿತ್ತನೆ ಬಿಟ್ಟು ವಾಯಿದೆಗೆ ಅಲೆಯುವ ಸ್ಥಿತಿ ಯಾವ ರೈತನಿಗೂ ಬರಬಾರದು.

ಹಾರಕ್ಕೆ ಮುಂಚಿನ ಅರ್ಧ ಗಂಟೆ

ಕೊಳ್ಳುವವರ ಮಾತಿಗೆ ಅತಿ ಹೆಚ್ಚು ಬೆಲೆ ಇರುವುದು ಡಿಲಿವರಿ ಹಾಳೆಗೆ ಸಹಿ ಬೀಳುವ ಮುಂಚಿನ ಸ್ವಲ್ಪ ಹೊತ್ತಿನಲ್ಲಿ. ಆ ಹೊತ್ತನ್ನು ಹಬ್ಬದ ಗಡಿಬಿಡಿಗೆ ಬಿಟ್ಟುಕೊಡದೆ, ಹಿಂದಿನ ದಿನವೇ ಶೋರೂಮಿನ ಅಂಗಳಕ್ಕೆ ಹೋಗಿ ಬರಬಹುದು.

ಕೊಟೇಶನ್ನಿನಲ್ಲಿ ದರ್ಜೆಯ ಪೂರ್ತಿ ಹೆಸರು ಇರಲಿ. ಅದರ ಕೆಳಗೆ ಬೇಕಾದ ಸೌಲಭ್ಯಗಳ ಹೆಸರನ್ನು ಕನ್ನಡದಲ್ಲೇ ಆಗಲಿ ಬರೆಸಿ, ಶೋರೂಮಿನ ಮುದ್ರೆ ಹಾಕಿಸಿಕೊಂಡಿರಬೇಕು. ಬಿಲ್ಲಿನಲ್ಲೂ ಮಾರಾಟ ಪ್ರಮಾಣಪತ್ರವಾದ ಫಾರಂ 21ರಲ್ಲೂ ಬರೆದ ಚಾಸಿ ನಂಬರ್ ಗಾಡಿಯ ಮೇಲೆ ಕೊರೆದ ನಂಬರಿಗೆ ಅಕ್ಷರಕ್ಕಕ್ಷರ ಹೊಂದಬೇಕು. ತಯಾರಾದ ತಿಂಗಳು, ವರ್ಷ ಕೂಡ ಅದೇ ಫಾರಂನಲ್ಲಿ ಇರುತ್ತದೆ.

ಕಣ್ಣಿಗೆ ಕಾಣುವುದನ್ನು ಕೈಯಿಂದ ಮುಟ್ಟಿ, ನಡೆಸಿ ನೋಡಬೇಕು. ಟೈರಿನ ಪಕ್ಕದಲ್ಲಿ ಅಳತೆ ಅಚ್ಚಾಗಿರುತ್ತದೆ. ಕಾರಿನಲ್ಲಿ ಏರ್‌ಬ್ಯಾಗ್ ಅಡಗಿರುವ ಕಡೆಗಳಲ್ಲಿ, ಸ್ಟೀರಿಂಗ್, ಡ್ಯಾಶ್‌ಬೋರ್ಡ್, ಸೀಟಿನ ಪಕ್ಕ, ಕಂಬಗಳ ಮೇಲೆ, ಅದರ ಹೆಸರು ಮೂಡಿರುತ್ತದೆ, ಎಣಿಸಿ ನೋಡಬಹುದು. ಆಯಿಲ್ ಬ್ರೇಕ್, ಡಬಲ್ ಕ್ಲಚ್‌ಗಳು ಕವಚದ ಒಳಗಿರುವಂಥವು. ಅವನ್ನು ನೋಡಿ ತಿಳಿಯಲಾಗದ್ದರಿಂದ ಆ ಚಾಸಿ ನಂಬರಿನ ಗಾಡಿಯಲ್ಲಿ ಇವು ಇವೆ ಎಂದು ಡೀಲರಿಂದ ಬರೆಸಿಕೊಳ್ಳುವುದೊಂದೇ ದಾರಿ. ಪರಿಚಯದ ಮೆಕ್ಯಾನಿಕ್ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಏನಾದರೂ ಇಲ್ಲವೆಂದು ಕಂಡರೆ ಡಿಲಿವರಿ ಹಾಳೆಯ ಮೇಲೆಯೇ ‘ಇಂಥದ್ದು ಬಂದಿಲ್ಲ’ ಎಂದು ಬರೆದು, ಸರಿಯಾದ ಗಾಡಿ ಬರುವವರೆಗೆ ಪಾಸಿಂಗ್‌ಗೆ ಕಳಿಸಬೇಡಿ ಎಂದು ಹೇಳಿ ಬರಬೇಕು.

ಆಯುಧಪೂಜೆಯ ಹಿಂದಿನ ಸಂಜೆ. ಶೋರೂಮಿನ ಅಂಗಳದಲ್ಲಿ ಇನ್ನೂ ಹೂವಿನ ಗಾಡಿ ಬಂದಿಲ್ಲ. ಅಪ್ಪ ಮಡಚಿದ ಕೊಟೇಶನ್ ಹಿಡಿದು ಒಂದೊಂದೇ ಸಾಲು ಓದುತ್ತಾನೆ, ಮಗ ಸೀಟಿನ ಮೇಲೆ ಕೂತು ಒಂದೊಂದೇ ಲಿವರ್ ಮುಟ್ಟಿ ತೋರಿಸುತ್ತಾನೆ. ಎಂಜಿನ್ ಚಾಲೂ ಆಗುತ್ತದೆ. ಮಗ ಕ್ಲಚ್ ಒತ್ತಿ ಕೊನೆಯ ಲಿವರ್ ಎಳೆಯುತ್ತಾನೆ. ಗಾಡಿಯ ಹಿಂದೆ ಬಗ್ಗಿ ನಿಂತ ಮೆಕ್ಯಾನಿಕ್ ಪಿಟಿಒ ಶಾಫ್ಟ್ ಯಾವ ಕಡೆ ತಿರುಗುತ್ತಿದೆ ಎಂದು ನೋಡಿ ಕೈ ಎತ್ತುತ್ತಾನೆ: ‘ಉಲ್ಟಾ ತಿರುಗಾಕತ್ತೈತ್ರೀ, ಬರೋಬ್ಬರಿ ಐತಿ.’ ಆಗ ಅಪ್ಪ ಜೇಬಿನಿಂದ ಪೆನ್ನು ತೆಗೆಯುತ್ತಾನೆ.